ರದ್ದಿಗೆ ಹೋದ ಗಾಡಿ

ಇವತ್ತು ಡಿಬೇಟ್ ಇಲ್ಲ, ಕಿರುಚಾಟ ಇಲ್ಲ. ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. ಐವತ್ತು ವರ್ಷ ಹಳೆಯ ಒಂದು ಬೈಕ್ ಮ್ಯಾಗಜಿನ್‌ಗೆ ಬೆಲೆ ಎಷ್ಟು?

ರದ್ದಿ ಅಂಗಡಿಯವರನ್ನು ಕೇಳಿದರೆ ಕೆಜಿ ಲೆಕ್ಕ ಹೇಳ್ತಾರೆ. ಆದರೆ ಅಮೆರಿಕದ ಓಹಾಯೋ ರಾಜ್ಯದಲ್ಲಿ ಲೆಕ್ಸಿಂಗ್ಟನ್ ಅಂತ ಒಂದು ಊರಿದೆ. ಅಲ್ಲಿನ ಮಿಡ್ ಓಹಾಯೋ ರೇಸ್ ಟ್ರ್ಯಾಕ್‌ನಲ್ಲಿ ಬೇಸಿಗೆಯಲ್ಲಿ ಹಳೇ ಬೈಕುಗಳ ದೊಡ್ಡ ಜಾತ್ರೆ ನಡೆಯುತ್ತೆ. ಜಾತ್ರೆ ಅಂತಲೇ ಹೇಳ್ತೀನಿ, ಯಾಕಂದ್ರೆ ಇದು ನಮ್ಮ ದನದ ಜಾತ್ರೆ ಥರಾನೇ. ಬಯಲಲ್ಲಿ ಟಾರ್ಪಾಲು ಹಾಸಿಕೊಂಡು ಕೂತಿರ್ತಾರೆ. ತುಕ್ಕು ಹಿಡಿದ ಟ್ಯಾಂಕು, ಹಲ್ಲು ಸವೆದ ಗೇರು, ಕಾರ್ಬೊರೇಟರ್, ಅದರ ಪಕ್ಕದಲ್ಲೇ ಹಳೇ ಕಾಗದ. ಮ್ಯಾನ್ಯುಯಲ್ಲು, ಬ್ರೋಷರ್ರು, ಮ್ಯಾಗಜಿನ್ನು. ಪಿಸ್ಟನ್‌ಗೆ ಚೌಕಾಸಿ ಮಾಡುವವನೇ ಆ ಕಾಗದಕ್ಕೂ ಚೌಕಾಸಿ ಮಾಡ್ತಾನೆ. ಯಾಕೆ? ಇವತ್ತಿನ ಮಾತು ಅದೇ.

ಈ ಜಾತ್ರೆಯಲ್ಲಿ ಒಂದು ವಿಶೇಷ ಜಾತಿಯ ಭಕ್ತರಿದ್ದಾರೆ. ಅವರಿಗೆ ಬೇಕಾಗಿರೋದು ಹಳೇ ಆಫ್‌ರೋಡ್ ಬೈಕು. ಅಂದ್ರೆ ಡಾಂಬರು ರಸ್ತೆಗೆ ಅಂತ ಮಾಡಿದ್ದಲ್ಲ. ಮಣ್ಣು, ಕಲ್ಲು, ಗುಡ್ಡ, ಕೆಸರು, ಇದಕ್ಕೆ ಅಂತಲೇ ಹುಟ್ಟಿದ ಗಾಡಿಗಳು. ಹೆಡ್‌ಲೈಟ್ ಇಲ್ಲ, ಹಾರ್ನ್ ಇಲ್ಲ, ಹಿಂದೆ ಯಾರನ್ನಾದರೂ ಕೂರಿಸ್ಕೋತೀನಿ ಅಂದ್ರೆ ಸೀಟೂ ಸಾಲಲ್ಲ.

ಇದರ ಕಥೆ 1960ರ ದಶಕಕ್ಕೆ ಹೋಗುತ್ತೆ. ಮೋಟೋಕ್ರಾಸ್ ಅನ್ನೋ ಆಟ ಆಗ ಯೂರೋಪಿನದು. ಮಣ್ಣಿನ ಟ್ರ್ಯಾಕ್, ಏರು, ಇಳಿ, ಹಾರು. ಆಗ ಅಲ್ಲಿ ಎರಡು ಹೆಸರು ಮೆರೆದವು. ಒಂದು ಸ್ವೀಡನ್‌ನ ಹಸ್ಕ್‌ವರ್ನಾ. ಇನ್ನೊಂದು ಆಗಿನ ಜೆಕೊಸ್ಲೊವಾಕಿಯಾದ ಸ್ಟ್ರಾಕೊನಿಟ್ಸೆ ಊರಿನ ಸೀಝಡ್. ತಮಾಷೆ ನೋಡಿ, ಎರಡೂ ಮೂಲದಲ್ಲಿ ಬಂದೂಕು ಮಾಡ್ತಿದ್ದ ಕಂಪನಿಗಳು! ಬೆಲ್ಜಿಯಂನ ಜೋಯೆಲ್ ರಾಬರ್ಟ್ ಅನ್ನೋ ಸವಾರ 1964, 1968, 1969ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆಗಿದ್ದು ಇದೇ ಸೀಝಡ್ ಮೇಲೆ.

ಅಮೆರಿಕದವರಿಗೆ ಆಗ ಇದರ ಗಂಧಗಾಳಿ ಇರಲಿಲ್ಲ. ಅವರು ದೊಡ್ಡ ದೊಡ್ಡ ಫೋರ್‌ಸ್ಟ್ರೋಕ್ ಗಾಡಿಗಳನ್ನೇ ಬಿಚ್ಚಿ, ಮಡ್‌ಗಾರ್ಡ್ ಕಿತ್ತು, ಮರುಭೂಮೀಲಿ ಓಡಿಸ್ತಿದ್ರು. 1966ರಲ್ಲಿ ಎಡಿಸನ್ ಡೈ ಅನ್ನೋ ಆಮದುದಾರ ಸ್ವೀಡನ್ನಿನ ಚಾಂಪಿಯನ್ ಟಾರ್ಸ್ಟೆನ್ ಹಾಲ್‌ಮನ್‌ನನ್ನು ಕರೆಸಿದ. ಹಗುರವಾದ ಹಸ್ಕ್‌ವರ್ನಾ ಟೂಸ್ಟ್ರೋಕ್ ಗಾಡಿ ಮೇಲೆ ಹಾಲ್‌ಮನ್ ಅಲ್ಲಿ ಹಾರಿ ತೋರಿಸಿದ. ಅಷ್ಟೇ, ಹುಚ್ಚು ಹತ್ತಿತು. 1968ರಲ್ಲಿ ಯಮಹಾ ಡಿಟಿ-1 ಬಂತು. ಸಾಮಾನ್ಯ ಜನ ಕೊಳ್ಳಬಹುದಾದ ಆಫ್‌ರೋಡ್ ಗಾಡಿ. 1971ರಲ್ಲಿ ಬ್ರೂಸ್ ಬ್ರೌನ್ ನಿರ್ದೇಶನದ ‘ಆನ್ ಎನಿ ಸಂಡೆ’ ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಹಾಲಿವುಡ್ ಸ್ಟಾರ್ ಸ್ಟೀವ್ ಮೆಕ್ವೀನ್ ಹಸ್ಕ್‌ವರ್ನಾ ಓಡಿಸಿದ್ದಾರೆ. ಆ ಸಿನಿಮಾಕ್ಕೆ ದುಡ್ಡು ಹಾಕಿದ್ದೂ ಅವರೇ.

ಈಗ ಮ್ಯಾಗಜಿನ್ ವಿಷಯಕ್ಕೆ ಬರೋಣ. 1962ರಲ್ಲಿ ಜೋ ಪಾರ್ಕ್‌ಹರ್ಸ್ಟ್ ‘ಸೈಕಲ್ ವರ್ಲ್ಡ್’ ಶುರು ಮಾಡಿದ್ರು. ಗಾಡಿ ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅಂತಲೇ ಬರೆಯೋದು ಅವರ ಪದ್ಧತಿ. ಜಾಹೀರಾತು ಕೊಡುವವರ ಮುಖ ನೋಡಿಕೊಂಡು ಬರೆಯೋ ಕಾಲದಲ್ಲಿ ಇದು ದೊಡ್ಡ ಧೈರ್ಯ. ಅದೆಷ್ಟು ಕಷ್ಟ ಅಂತ ಟಿವಿಯಲ್ಲಿ ಕೂತಿರೋ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ! 1971ರಲ್ಲಿ ‘ಡರ್ಟ್ ಬೈಕ್’ ಅಂತ ಮಣ್ಣಿನ ಗಾಡಿಗಳಿಗೇ ಮೀಸಲಾದ ಪತ್ರಿಕೆ ಬಂತು. ಇವರೆಲ್ಲ ಏನು ಮಾಡ್ತಿದ್ರು? ಹೊಸ ಗಾಡಿ ತರಿಸಿ ತೂಕದ ಮಷಿನ್ ಮೇಲೆ ಇಡೋರು. ಕಂಪನಿ ಹೇಳಿದ ತೂಕ ಒಂದು, ಮಷಿನ್ ತೋರಿಸೋ ತೂಕ ಇನ್ನೊಂದು. ಎರಡನ್ನೂ ಅಚ್ಚು ಹಾಕೋರು. ಕಾರ್ಬೊರೇಟರ್‌ನಲ್ಲಿ ಯಾವ ನಂಬರಿನ ಜೆಟ್ ಇದೆ, ಚೈನ್ ಸ್ಪ್ರಾಕೆಟ್‌ಗೆ ಎಷ್ಟು ಹಲ್ಲು, ಮುಂದಿನ ಫೋರ್ಕ್ ಎಷ್ಟು ಇಂಚು ಇಳಿಯುತ್ತೆ, ಎಲ್ಲಾ ಪಟ್ಟಿ. ಆವತ್ತು ಓದಿದವರಿಗೆ ಅದು ಬರೀ ಮಾಹಿತಿ. ಇವತ್ತು ಅದು ದಾಖಲೆ.

ಯಾಕೆ ದಾಖಲೆ? ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಹೇಳ್ತೀನಿ, ಚಾನೆಲ್ ಬದಲಾಯಿಸಬೇಡಿ.

ರಸ್ತೆ ಬೈಕು ಹಳತಾದರೆ ಮನೇಲಿ ಇರುತ್ತೆ. ಅಪ್ಪ ಓಡಿಸ್ತಾರೆ, ಆಮೇಲೆ ಮಗ ಓಡಿಸ್ತಾನೆ. ಮಣ್ಣಿನ ರೇಸಿನ ಗಾಡಿ ಹಾಗಲ್ಲ. ಭಾನುವಾರ ಬೀಳುತ್ತೆ, ಬಾಗುತ್ತೆ, ಒಡೆಯುತ್ತೆ. ಅದಕ್ಕಿಂತ ದೊಡ್ಡ ಹೊಡೆತ ಕೊಟ್ಟಿದ್ದು ಸಸ್ಪೆನ್ಷನ್. 1970ರ ಸುಮಾರಿಗೆ ಹಿಂದಿನ ಚಕ್ರ ಮೇಲೆ ಕೆಳಗೆ ಆಡ್ತಿದ್ದದ್ದು ಬರೀ ನಾಲ್ಕು ಇಂಚು. ಆಮೇಲೆ ಶಾಕ್ ಅಬ್ಸಾರ್ಬರನ್ನು ಮುಂದಕ್ಕೆ ಸರಿಸಿದ್ರು, ಓರೆ ಮಾಡಿದ್ರು. ಬೆಲ್ಜಿಯಂನ ಲೂಸಿಯನ್ ಟಿಲ್ಕೆನ್ಸ್ ಅನ್ನೋ ಎಂಜಿನಿಯರ್ ಎರಡು ಶಾಕ್ ಬದಲು ಒಂದೇ ಶಾಕ್ ಇಡೋ ಉಪಾಯ ಮಾಡಿದ್ರು. ಯಮಹಾ ಅದನ್ನು ತಗೊಂಡು ಮೋನೋಶಾಕ್ ಮಾಡಿತು. ಹತ್ತೇ ವರ್ಷದಲ್ಲಿ ನಾಲ್ಕು ಇಂಚು ಹನ್ನೆರಡು ಇಂಚಿನ ಹತ್ತಿರ ಬಂತು. ಇವತ್ತು ನಿಮ್ಮ ಪಲ್ಸರ್‌ನಲ್ಲೂ ಮೋನೋಶಾಕ್ ಇರಬಹುದು, ಅದರ ತವರು ಈ ಕೆಸರಿನ ಟ್ರ್ಯಾಕು.

ಪರಿಣಾಮ ಏನಾಯ್ತು? ಹೋದ ವರ್ಷದ ಗಾಡಿ ಈ ವರ್ಷ ಗುಜರಿ. ಗೆಲ್ಲಲ್ಲ ಅಂದ ಮೇಲೆ ಯಾರಿಗೆ ಬೇಕು? ಚಾಂಪಿಯನ್ ಗಾಡಿಗಳೂ ಕೊಟ್ಟಿಗೆ ಸೇರಿದವು, ಕೋಳಿ ಮೊಟ್ಟೆ ಇಡೋ ಜಾಗ ಆದವು. ಇಂಥ ಗಾಡಿ ಈಗ ಸಿಕ್ಕಿದರೆ ಅರ್ಧ ಸಿಗುತ್ತೆ. ಉಳಿದರ್ಧ ಹೇಗಿತ್ತು ಅಂತ ಹೇಳೋರು ಯಾರು? ಮ್ಯಾಗಜಿನ್. ಹಸ್ಕ್‌ವರ್ನಾ ಟ್ಯಾಂಕಿನ ಕೆಂಪು ಎಲ್ಲಿ ನಿಂತು ಕ್ರೋಮ್ ಎಲ್ಲಿ ಶುರುವಾಗ್ತಿತ್ತು? ಮಡ್‌ಗಾರ್ಡ್ ಬೋಲ್ಟು ಯಾವ ಜಾಗದಲ್ಲಿತ್ತು? ಆ ಹಳೇ ಫೋಟೋ ನೋಡಬೇಕು. ಹಾಗಾಗಿ ಮ್ಯಾಗಜಿನ್ ಅನ್ನೋದೂ ಒಂದು ಬಿಡಿಭಾಗವೇ. ಅದಿಲ್ಲದೆ ಗಾಡಿ ಪೂರ್ತಿಯಾಗಲ್ಲ.

ಇವರ ನಿಷ್ಠೆ ಎಷ್ಟು ಅಂದ್ರೆ, ಅಮೆರಿಕದಲ್ಲಿ ಎಎಚ್‌ಆರ್‌ಎಂಎ ಅನ್ನೋ ಸಂಸ್ಥೆ ಹಳೇ ಗಾಡಿಗಳ ಮೋಟೋಕ್ರಾಸ್ ರೇಸ್ ನಡೆಸುತ್ತೆ. ಅಲ್ಲಿನ ವಿಂಟೇಜ್ ವಿಭಾಗದಲ್ಲಿ ನಿಯಮ ಏನು ಗೊತ್ತಾ? ಮುಂದೆ ಏಳು ಇಂಚು, ಹಿಂದೆ ನಾಲ್ಕು ಇಂಚಿಗಿಂತ ಜಾಸ್ತಿ ಸಸ್ಪೆನ್ಷನ್ ಇರಕೂಡದು! ಒಳ್ಳೇದು ಮಾಡ್ಕೋಬೇಡಿ ಅಂತ ನಿಯಮ. ಸೊಂಟ ಮುರಿದರೂ ಪರವಾಗಿಲ್ಲ, ಆ ಕಾಲದ ಸವಾರ ಪಟ್ಟ ಕಷ್ಟವೇ ಬೇಕು. ಇವರಿಗೆ ಅಂತಲೇ ಆಸ್ಟ್ರೇಲಿಯಾದಿಂದ ‘ವಿಎಂಎಕ್ಸ್’ ಅನ್ನೋ ಪತ್ರಿಕೆ ಹೊರಟಿತು. ಪುಟ ಪುಟದಲ್ಲೂ ಹಳೇ ಮಣ್ಣಿನ ಗಾಡಿ.

ಇನ್ನೊಂದು ಉದಾಹರಣೆ ಕೊಡ್ತೀನಿ. 1974ರಲ್ಲಿ ಸೀಝಡ್ ಸವಾರ ಯಾರೊಸ್ಲಾವ್ ಫಾಲ್ಟಾ 250 ಸಿಸಿ ವಿಶ್ವ ಪಟ್ಟದ ಬಾಗಿಲಲ್ಲಿದ್ದ. ಕೊನೆಯ ಸುತ್ತು ಸ್ವಿಟ್ಜರ್‌ಲೆಂಡ್‌ನಲ್ಲಿ. ಸ್ಟಾರ್ಟ್‌ನಲ್ಲಿ ಮುಂಚೆಯೇ ಹೊರಟ ಅಂತ ಅವನಿಗೆ ಒಂದು ನಿಮಿಷದ ದಂಡ ಬಿತ್ತು. ಪಟ್ಟ ಹೋಯ್ತು. ಸೋವಿಯತ್ ಸವಾರ ಗೆನ್ನಡಿ ಮೊಯಿಸೇವ್ ಚಾಂಪಿಯನ್ ಆದ. ಅದು ಸರಿಯಾ, ಅನ್ಯಾಯವಾ ಅಂತ ಅಭಿಮಾನಿಗಳು ಇವತ್ತಿಗೂ ವಾದ ಮಾಡ್ತಾರೆ. ನಮ್ಮ ಪ್ರೈಮ್‌ಟೈಮ್ ಡಿಬೇಟ್ ಮರುದಿನ ಬೆಳಗ್ಗೆ ಯಾರಿಗೂ ನೆನಪಿರಲ್ಲ. ಅವರದು ಐವತ್ತು ವರ್ಷದಿಂದ ನಡೀತಿದೆ. ಕಾರಣ, ಆವತ್ತೇ ಅದನ್ನು ಯಾರೋ ಬರೆದಿಟ್ಟರು.

‘ಸರಿ ಸ್ವಾಮಿ, ಅಮೆರಿಕ, ಜೆಕೊಸ್ಲೊವಾಕಿಯಾ ಆಯ್ತು. ನಮಗೇನು?’ ಅಂತ ಕೇಳ್ತಿದ್ದೀರಿ ಅಲ್ವಾ? ನಮಗೆ ಸಂಬಂಧ ಇದೆ. ಹತ್ತಿರದ ಸಂಬಂಧವೇ ಇದೆ.

ನಾನು ಎಂಜಿನಿಯರಿಂಗ್ ಓದುವಾಗ ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತ್‌ನಲ್ಲಿ ಹಳೇ ಪುಸ್ತಕ ಹುಡುಕ್ತಿದ್ದೆ. ಥರ್ಮೋಡೈನಮಿಕ್ಸ್ ಪುಸ್ತಕ ಹುಡುಕಲು ಹೋದವನು ಒಂದು ಹಳೇ ಅಮೆರಿಕನ್ ಬೈಕ್ ಮ್ಯಾಗಜಿನ್ ಕೊಂಡು ಬಂದೆ. ಅದರಲ್ಲಿ 60ರ ದಶಕದ ಒಂದು ಸೀಝಡ್ ಮೋಟೋಕ್ರಾಸ್ ಗಾಡಿಯ ಫೋಟೋ. ಸಿಲಿಂಡರ್ ಒಂದೇ. ಆದರೆ ಹೊಗೆ ಹೋಗೋ ಪೈಪು ಎರಡು! ನಾನು ಆ ಫೋಟೋ ನೋಡ್ತಾ ಕೂತುಬಿಟ್ಟೆ. ಯಾಕಂದ್ರೆ ಆ ಮುಖ ನನಗೆ ಗೊತ್ತಿತ್ತು. ಹಾಸನದಲ್ಲಿ ನಮ್ಮ ಚಿಕ್ಕಪ್ಪನ ಯೆಜ್ಡಿ. ಒಂದು ಸಿಲಿಂಡರ್, ಎರಡು ಸೈಲೆನ್ಸರ್.

ಸಂಬಂಧ ಹೀಗಿದೆ. ಜಾವಾ ಕೂಡ ಜೆಕ್ ಕಂಪನಿ, 1929ರದು. ಎರಡನೇ ಮಹಾಯುದ್ಧದ ನಂತರ ಜಾವಾ, ಸೀಝಡ್ ಎರಡೂ ಅಲ್ಲಿನ ಸರ್ಕಾರದ ಕೈಗೆ ಬಂದು ಒಂದೇ ಮನೆಯ ಅಣ್ಣತಮ್ಮಂದಿರಾದವು. ಆ ಜಾವಾ ಮೈಸೂರಿಗೆ ಬಂತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಉತ್ಪಾದನೆ ಶುರುವಾಯ್ತು. ಆಮೇಲೆ ಅದೇ ಕಾರ್ಖಾನೆಯಿಂದ ಯೆಜ್ಡಿ ಬಂತು. ಕಿಕ್ಕರ್, ಗೇರು ಎರಡಕ್ಕೂ ಒಂದೇ ಲಿವರ್ ಇದ್ದ ಗಾಡಿ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಸೀಝಡ್ ಮಣ್ಣಿನಲ್ಲಿ ವಿಶ್ವ ಗೆದ್ದರೆ, ಅದರ ಮೈಸೂರು ದಾಯಾದಿ ನಮ್ಮ ಮಲೆನಾಡಿನ ಮಣ್ಣು ಗೆದ್ದಿತು.

ನಮ್ಮ ಚಿಕ್ಕಪ್ಪ ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ ರೈಟರ್ ಆಗಿದ್ರು. ಅವರ ಗಾಡಿ 1979ರ ಯೆಜ್ಡಿ ರೋಡ್‌ಕಿಂಗ್. ಹೆಸರಲ್ಲಿ ರೋಡ್ ಇದೆ, ಓಡಿದ್ದೆಲ್ಲ ತೋಟದ ಕೆಸರಲ್ಲಿ. ಜುಲೈ ಮಳೇಲಿ, ಹಿಂದೆ ಗೊಬ್ಬರದ ಮೂಟೆ ಕಟ್ಕೊಂಡು. ಅವರಿಗೆ ಮೋಟೋಕ್ರಾಸ್ ಅನ್ನೋ ಪದ ಗೊತ್ತಿರಲಿಲ್ಲ, ಆದರೆ ಮಾಡಿದ್ದು ಅದನ್ನೇ.

ಈಗ ನನ್ನ ತಪ್ಪೊಪ್ಪಿಗೆ. ಚಿಕ್ಕಪ್ಪನ ಮನೆಯ ಅಟ್ಟದಲ್ಲಿ ಒಂದು ಟ್ರಂಕಿತ್ತು. ಒಂದು ದೀಪಾವಳಿ ರಜೆಯಲ್ಲಿ ಚಿಕ್ಕಮ್ಮ ಅಟ್ಟ ಖಾಲಿ ಮಾಡು ಅಂದ್ರು. ಪೇಪರ್ ಕಟ್ಟುಗಳ ಜೊತೆ ಆ ಟ್ರಂಕಿನ ಕಾಗದವನ್ನೂ ಸೇರಿಸಿ ನಾನೇ ರದ್ದಿಗೆ ಹಾಕಿದೆ. ಅದರಲ್ಲಿ ಆ ಗಾಡಿಯ ಮ್ಯಾನ್ಯುಯಲ್ ಇತ್ತು. ಶೋರೂಂ ಬಿಲ್ ಇತ್ತು. ಗಾಡಿ ಬಂದ ದಿನ ಹಾರ ಹಾಕಿ ತೆಗೆಸಿದ ಫೋಟೋ ಇತ್ತು. ಬಂದ ದುಡ್ಡಲ್ಲಿ ಮಸಾಲೆ ದೋಸೆ ತಿಂದೆ.

ಎಷ್ಟೋ ವರ್ಷದ ಮೇಲೆ, ರಿಟೈರ್ ಆದ ಚಿಕ್ಕಪ್ಪ ಫೋನ್ ಮಾಡಿದ್ರು. ‘ಗಾಡೀನ ಮೊದಲಿನ ಥರ ಮಾಡಿಸ್ಬೇಕು ಕಣೋ. ಮ್ಯಾನ್ಯುಯಲ್ ಟ್ರಂಕಲ್ಲಿತ್ತಲ್ಲ, ನೀನೇನಾದ್ರೂ ನೋಡಿದ್ಯಾ?’

‘ಇಲ್ಲ ಚಿಕ್ಕಪ್ಪ’ ಅಂದೆ. ಸುಳ್ಳು. ಇವತ್ತು ನಿಮ್ಮೆಲ್ಲರ ಮುಂದೆ ನಿಜ ಹೇಳ್ತಿದ್ದೀನಿ. ಅವರು ನೋಡ್ತಿರ್ತಾರೆ ಅಂತ ಗೊತ್ತು.

ಇದು ಬರೀ ಭಾವನೆಯ ವಿಷಯ ಅಲ್ಲ, ಕಾನೂನಿನ ವಿಷಯವೂ ಹೌದು. 2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದಿತು. ಐವತ್ತು ವರ್ಷ ದಾಟಿದ ಬೈಕು, ಕಾರುಗಳಿಗೆ ವಿಂಟೇಜ್ ಅನ್ನೋ ಮಾನ್ಯತೆ ಬಂತು. ಅವಕ್ಕೆ ನಂಬರ್ ಪ್ಲೇಟಿನಲ್ಲಿ ‘ವಿಎ’ ಅನ್ನೋ ಪ್ರತ್ಯೇಕ ಸರಣಿ. ಹೊಸದಾಗಿ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ದಿನಾ ಆಫೀಸಿಗೆ ಓಡಿಸೋ ಹಾಗಿಲ್ಲ. ಮುಖ್ಯ ಷರತ್ತು ಏನಂದ್ರೆ, ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನು ದೊಡ್ಡದಾಗಿ ಬದಲಾಗಿರಬಾರದು.

ಮೂಲ ರೂಪ! ಮೂಲ ರೂಪ ಯಾವುದು ಅಂತ ಹೇಳೋರು ಯಾರು? ಮಾಡಿದ ಕಾರ್ಖಾನೆ ಇಲ್ಲ. ಮಾರಿದ ಶೋರೂಂ ಇಲ್ಲ. ಕೆಲಸ ಮಾಡಿದ ಹಿರಿಯರಿಗೆ ವಯಸ್ಸಾಯ್ತು. ಚಿಕ್ಕಪ್ಪನ ಗಾಡಿಗೆ 2029ಕ್ಕೆ ಐವತ್ತು ತುಂಬುತ್ತೆ. ಆಗ ಅವರ ಕೈಲಿ ಇರಬೇಕಾಗಿದ್ದ ಕಾಗದದಲ್ಲಿ ಯಾರೋ ಕಡಲೆಕಾಯಿ ಕಟ್ಟಿಕೊಟ್ಟು ಎಷ್ಟು ಕಾಲವಾಯ್ತೋ.

ಮಣ್ಣಿನ ರೇಸಿನ ನಮ್ಮದೇ ಚರಿತ್ರೆಯ ಕಥೆಯೂ ಅಷ್ಟೆ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್. 2019ರಲ್ಲಿ ಅದೇ ಡಕಾರ್ ಮುಗಿಸಿದ್ದು ಉಡುಪಿಯ ಕೆ.ಪಿ. ಅರವಿಂದ್. ಅರವಿಂದ್ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ? ಬಿಗ್ ಬಾಸ್! ಮನೆಯೊಳಗೆ ಅವರು ಯಾರ ಜೊತೆ ಮಾತಾಡಿದ್ರು ಅಂತ ನಮಗೆ ಗೊತ್ತು. ಜಗತ್ತಿನ ಅತಿ ಕಠಿಣ ರ‍್ಯಾಲಿಯಲ್ಲಿ ಅವರ ಗಾಡಿ ಹೇಗಿತ್ತು ಅಂತ ಗೊತ್ತಿಲ್ಲ. ಅದು ನಿಮ್ಮ ತಪ್ಪಲ್ಲ. ತೋರಿಸಬೇಕಾಗಿದ್ದ ನಮ್ಮ ತಪ್ಪು.

ಅಮೆರಿಕದಲ್ಲೂ ಕಾಗದದ ಕಾಲ ಮುಗೀತಾ ಬಂದಿದೆ. ಅದೇ ‘ಸೈಕಲ್ ವರ್ಲ್ಡ್’ 2020ರಲ್ಲಿ ಮುದ್ರಣ ನಿಲ್ಲಿಸಿತು. ಆದರೆ ಅವರ ಹತ್ತಿರ ಅಷ್ಟೂ ವರ್ಷದ ಸಂಚಿಕೆಗಳಿವೆ. ನಮ್ಮ ಹತ್ತಿರ ಏನಿದೆ? ಗಾಡಿ ಇದೆ. ಪ್ರತಿ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಸಾಲುಗಟ್ಟಿ ಬರೋ ಪ್ರೀತಿ ಇದೆ. ಶಬ್ದ ಕೇಳಿಯೇ ರೋಗ ಹೇಳೋ ಮೆಕ್ಯಾನಿಕ್ ಇದ್ದಾರೆ. ಬರೆದಿಟ್ಟದ್ದು ಮಾತ್ರ ಕಮ್ಮಿ. ಮೆಕ್ಯಾನಿಕ್ ಕಿವಿಯಲ್ಲಿರೋ ವಿದ್ಯೆ ಅವರ ಜೊತೆಗೇ ಹೋಗಿಬಿಡುತ್ತೆ.

ಹಾಗಾಗಿ ಇವತ್ತು ಒಂದೇ ಮನವಿ. ಅಟ್ಟದಲ್ಲಿ, ಟ್ರಂಕಿನಲ್ಲಿ, ಅಪ್ಪನ ಫೈಲಿನಲ್ಲಿ ಹಳೇ ಗಾಡಿಯ ಬಿಲ್ಲು, ಮ್ಯಾನ್ಯುಯಲ್ಲು, ಫೋಟೋ ಇದ್ದರೆ ರದ್ದಿಗೆ ಹಾಕಬೇಡಿ. ಮೊಬೈಲಲ್ಲಿ ಒಂದು ಫೋಟೋ ತೆಗೆದಿಡಿ. ನಿಮ್ಮೂರಿನ ಹಳೇ ಮೆಕ್ಯಾನಿಕ್ ಹತ್ತಿರ ಅರ್ಧ ಗಂಟೆ ಕೂತು ಅವರು ಹೇಳೋದನ್ನ ರೆಕಾರ್ಡ್ ಮಾಡಿಕೊಳ್ಳಿ. ಅಷ್ಟು ಸಾಕು.

ಚಿಕ್ಕಪ್ಪ, ಕ್ಷಮಿಸಿ. ಅವೆನ್ಯೂ ರಸ್ತೆಯಲ್ಲಿ ಇನ್ನೂ ಹುಡುಕ್ತಾ ಇದ್ದೀನಿ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಸಿಕ್ಕಿದ ದಿನ ಹಾಸನಕ್ಕೆ ನಾನೇ ತಗೊಂಡು ಬರ್ತೀನಿ.