ಶಿಕ್ಷಣಾರ್ಥಿಯ ಪಾಠಾವಲೋಕನ



ವೈದ್ಯನು ರೋಗಿಯ ಬಳಿಯಲ್ಲಿಯೂ ಶಿಲ್ಪಿಯು ಕಲ್ಲಿನ ಬಳಿಯಲ್ಲಿಯೂ ತನ್ನ ವಿದ್ಯೆಯನ್ನು ಪಕ್ವಗೊಳಿಸಿಕೊಳ್ಳುವಂತೆ, ಉಪಾಧ್ಯಾಯನಾಗತಕ್ಕವನು ಮಕ್ಕಳ ಎದುರಿನಲ್ಲಿಯೇ ತನ್ನ ವೃತ್ತಿಯನ್ನು ಕಲಿಯತಕ್ಕದ್ದೆಂಬದು ನಿರ್ವಿವಾದವಾದ ವಿಷಯವು. ಅದಕ್ಕೋಸ್ಕರವೇ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನವರು 2014ರ ನಿಯಮಗಳಲ್ಲಿ ಬಿ.ಎಡ್. ವ್ಯಾಸಂಗವನ್ನು ಒಂದು ವರ್ಷದಿಂದ ಎರಡು ವರ್ಷಗಳಿಗೆ ಏರಿಸಿ, ಅದರೊಳಗೆ 20 ವಾರಗಳನ್ನು ಶಾಲೆಯ ಅನುಭವಕ್ಕೆಂದು ಮೀಸಲಿಟ್ಟರು. ಅವುಗಳಲ್ಲಿ 16 ವಾರಗಳು ಎರಡನೆಯ ವರ್ಷದವು. ಆ ಅವಧಿಯಲ್ಲಿ ಶಿಕ್ಷಣಾರ್ಥಿಯು ಪಾಠಯೋಜನೆಯನ್ನು ಬರೆಯುವನು, ಪಾಠವನ್ನು ಹೇಳುವನು, ಪಾಠವು ಮುಗಿದ ತರುವಾಯ ತಾನು ಮಾಡಿದ್ದನ್ನು ಪರಾಮರ್ಶಿಸಿ ದಿನಚರಿಯಲ್ಲಿ ಬರೆದಿಡುವನು. ಮೊದಲೆರಡು ಕಾರ್ಯಗಳನ್ನು ಕುರಿತ ಗ್ರಂಥಗಳು ಬೇಕಾದಷ್ಟಿವೆ. ಮೂರನೆಯದೇ ಈ ಹೊತ್ತಿನ ಭಾಷಣದ ವಿಷಯವು.

ಇಂತಹ ದಿನಚರಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಮಾತುಗಳು ಯಾವುವು? ಪಾಠವು ಸಮಾಧಾನಕರವಾಗಿ ನಡೆಯಿತು, ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು, ಕಾಲಾವಕಾಶವು ಸಾಲದಾಯಿತು. ತರಗತಿಯೊಳಗೆ ಕಾಲಿಡದೆಯೂ ಬರೆಯಬಹುದಾದ ವಾಕ್ಯಗಳಿವು! ಆದರೆ ಇದಕ್ಕಾಗಿ ತರುಣನನ್ನೊಬ್ಬನನ್ನೇ ದೂಷಿಸುವದು ನ್ಯಾಯವಲ್ಲ. ದಿನಚರಿಯನ್ನು ಓದುವ ಕೈಯೇ ಅಂಕಗಳನ್ನು ಕೊಡುವ ಕೈಯೂ ಆಗಿದ್ದಲ್ಲಿ, ತನ್ನ ಕುಂದನ್ನು ತಾನೇ ಬರೆದು ಒಪ್ಪಿಸುವಷ್ಟು ಧೈರ್ಯವು ಎಷ್ಟು ಜನರಿಗೆ ಇದ್ದೀತು?

ಪರಾಮರ್ಶೆಯು ಹುಟ್ಟುವದೇ ತೊಡಕಿನಿಂದ. ಅಮೇರಿಕೆಯ ತತ್ತ್ವಜ್ಞಾನಿ ಜಾನ್ ಡ್ಯೂಯಿಯವರು 1910ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ಪ್ರತಿಪಾದಿಸಿದರು. 1983ರಲ್ಲಿ ಡೊನಾಲ್ಡ್ ಶೋನ್ ಎಂಬವರು, ಕಾರ್ಯವು ನಡೆಯುತ್ತಿರುವಾಗಲೇ ಮಾಡುವ ವಿಚಾರವೆಂದೂ ಕಾರ್ಯವು ಮುಗಿದ ಮೇಲೆ ಮಾಡುವ ವಿಚಾರವೆಂದೂ ಅದನ್ನು ವಿಂಗಡಿಸಿದರು. ಸಂಸ್ಕೃತ ಶಾಸ್ತ್ರಪರಂಪರೆಗೆ ಈ ಮಾರ್ಗವು ಅಪರಿಚಿತವಲ್ಲ. ಹೇಳಿದ್ದು, ಹೇಳದೆ ಬಿಟ್ಟದ್ದು, ತಪ್ಪಾಗಿ ಹೇಳಿದ್ದು ಎಂಬ ಮೂರರ ವಿಚಾರವೇ ವಾರ್ತಿಕಕಾರನ ಕೆಲಸವಲ್ಲವೆ? ಶಿಕ್ಷಣಾರ್ಥಿಯು ತನ್ನ ಪಾಠಕ್ಕೆ ತಾನೇ ವಾರ್ತಿಕಕಾರನಾಗಬೇಕು. ಆದರೂ ಇಲ್ಲೊಂದು ಕೊರತೆಯುಳಿಯುವದು. ಈ ಮೂರೂ ಹೇಳಿದವನನ್ನೇ ನೋಡುವವು, ಕೇಳಿದವನನ್ನು ನೋಡುವದಿಲ್ಲ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮಲ್ಲಿ ಯಾರು ಹೆಚ್ಚೆಂಬ ವಿವಾದವು ಹುಟ್ಟಿದಾಗ, ಅವರ ಶಿಷ್ಯೆಯರ ಪ್ರಯೋಗದಿಂದಲೇ ಅದನ್ನು ತೀರ್ಮಾನಿಸತಕ್ಕದ್ದೆಂದು ಗೊತ್ತಾಗುವದು. ಗುರುವಿನ ಪರೀಕ್ಷೆಯು ಶಿಷ್ಯನಲ್ಲಿಯೇ ನಡೆಯತಕ್ಕದ್ದು. ದಿನಚರಿಯೂ ಅಲ್ಲಿಂದಲೇ ಆರಂಭವಾಗಬೇಕು.

ಆರನೆಯ ತರಗತಿಯಲ್ಲಿ ವ್ಯವಕಲನವನ್ನು ಹೇಳಿಕೊಡಲು ನಿಂತ ಶಿಕ್ಷಣಾರ್ಥಿಯೊಬ್ಬನನ್ನು ಭಾವಿಸಬಹುದು. 403ರಲ್ಲಿ 178ನ್ನು ಕಳೆಯಲು ಹೇಳಿದಾಗ ಹುಡುಗನೊಬ್ಬನು 375 ಎಂದು ಬರೆದನು. ಕೆಂಪು ಮಸಿಯ ಗೆರೆಯನ್ನೆಳೆದು, ದಿನಚರಿಯಲ್ಲಿ ‘ಕೆಲವರು ಅಲಕ್ಷ್ಯದಿಂದ ತಪ್ಪಿದರು’ ಎಂದು ಬರೆದರೆ ಪಾಠವೂ ಮುಗಿಯಿತು, ವಿಚಾರವೂ ಮುಗಿಯಿತು. ಆದರೆ ಅದು ಅಲಕ್ಷ್ಯವೆ? ಹುಡುಗನು 8ರಲ್ಲಿ 3ನ್ನು ಕಳೆದು 5 ಎಂದು ಬರೆದಿದ್ದಾನೆ. 7ರಲ್ಲಿ ಸೊನ್ನೆಯನ್ನು ಕಳೆದು 7. 4ರಲ್ಲಿ 1ನ್ನು ಕಳೆದು 3. ಪ್ರತಿಯೊಂದು ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯತಕ್ಕದ್ದೆಂಬ ನಿಯಮವನ್ನು ಅವನು ಎಲ್ಲಿಯೂ ತಪ್ಪದೆ ಪಾಲಿಸಿದ್ದಾನೆ. ಆ ನಿಯಮವನ್ನು ಅವನಿಗೆ ಕಲಿಸಿದವರಾರು? ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂದು ಕೆಳಗಿನ ತರಗತಿಗಳಲ್ಲಿ ಹೇಳಿಕೊಡುವವರು ಉಪಾಧ್ಯಾಯರೇ. ಇಡಿಯ ಸಂಖ್ಯೆಗೆ ಹೇಳಿದ ಮಾತನ್ನು ಹುಡುಗನು ಬಿಡಿ ಅಂಕಿಗೂ ಹಚ್ಚಿದನು. ತಾರ್ಕಿಕರು ಇದನ್ನೇ ಅತಿವ್ಯಾಪ್ತಿಯೆನ್ನುವರು. ಮಕ್ಕಳ ಇಂತಹ ತಪ್ಪುಗಳು ಬಹುಮಟ್ಟಿಗೆ ಕ್ರಮಬದ್ಧವಾಗಿರುವವೆಂಬದನ್ನು 1978ರಲ್ಲಿ ಬ್ರೌನ್ ಮತ್ತು ಬರ್ಟನ್ ಎಂಬ ಸಂಶೋಧಕರು ವಿವರವಾಗಿ ತೋರಿಸಿದರು.

ಇಷ್ಟು ತಿಳಿದ ಮೇಲೆ ಮರುದಿನದ ಪಾಠವು ಬೇರೆಯಾಗುವದು. ಅದೇ ವಿಧಾನವನ್ನು ಇನ್ನಷ್ಟು ಗಟ್ಟಿಯಾದ ಧ್ವನಿಯಲ್ಲಿ ಹೇಳುವದರಿಂದ ಪ್ರಯೋಜನವಿಲ್ಲ. ನೂರು ಕಡ್ಡಿಗಳ ನಾಲ್ಕು ಕಟ್ಟುಗಳನ್ನೂ ಮೂರು ಬಿಡಿ ಕಡ್ಡಿಗಳನ್ನೂ ಹುಡುಗನ ಮುಂದಿಟ್ಟು, ಎಂಟು ಬಿಡಿ ಕಡ್ಡಿಗಳನ್ನು ಕೊಡೆಂದು ಕೇಳತಕ್ಕದ್ದು. ಹತ್ತರ ಕಟ್ಟು ಒಂದೂ ಇಲ್ಲವಾದುದರಿಂದ ಅವನು ನೂರರ ಕಟ್ಟೊಂದನ್ನು ಬಿಚ್ಚಿ ಹತ್ತು ಹತ್ತರ ಕಟ್ಟುಗಳನ್ನಾಗಿ ಮಾಡಬೇಕು. ಅವುಗಳಲ್ಲೊಂದನ್ನು ಮತ್ತೆ ಬಿಚ್ಚಬೇಕು. ಸೊನ್ನೆಯ ಸ್ಥಾನವನ್ನು ದಾಟಿ ಎರವಲು ತರುವದೆಂದರೇನೆಂಬದು ಆಗ ಅವನ ಕೈಗೇ ತಿಳಿಯುವದು. ಉತ್ತರವು 225 ಎಂಬದು ಆಮೇಲಿನ ಮಾತು.

ಭಾಷೆಯ ಪಾಠದಲ್ಲಿಯೂ ಹೀಗೆಯೇ. ಮೈಸೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳು ಹಾಲನ್ನು ‘ಆಲು’ ಎನ್ನುವರು. ಹಕ್ಕಿಯನ್ನು ‘ಅಕ್ಕಿ’ ಎಂದು ಬರೆಯುವರು. ತರಗತಿಯು ನಗುವದು. ಶಿಕ್ಷಣಾರ್ಥಿಯೂ ಕೂಡಿ ನಕ್ಕರೆ ಆ ಹುಡುಗನು ಮತ್ತೆ ಬಾಯಿಬಿಟ್ಟು ಓದುವದು ಕಷ್ಟ. ಹಳಗನ್ನಡದ ‘ಪಾಲ್’ ಎಂಬ ಶಬ್ದವು ‘ಹಾಲು’ ಆದುದನ್ನು ಪಂಡಿತರು ಗೌರವದಿಂದ ಭಾಷೆಯ ಬೆಳವಣಿಗೆಯೆನ್ನುತ್ತಾರೆ. ಆ ಹಕಾರವೂ ಜಾರಿ ‘ಆಲು’ ಆದರೆ ಮಾತ್ರ ಅದು ಹಳ್ಳಿಗನ ಅಶುದ್ಧಿಯೆನಿಸುವದು! ಬರವಣಿಗೆಯಲ್ಲಿ ಹಕಾರವನ್ನು ಕಲಿಸಲೇಬೇಕು, ಅದರಲ್ಲಿ ರಿಯಾಯಿತಿಯಿಲ್ಲ. ಆದರೆ ಮನೆಯ ಮಾತನ್ನು ಹೀನವೆನ್ನದೆಯೇ ಕಲಿಸಬಹುದು.

ಇನ್ನೊಂದು ಸಣ್ಣ ಸಂಗತಿಯುಂಟು. ಅಮೇರಿಕೆಯ ಮೇರಿ ಬಡ್ ರೋ ಎಂಬ ವಿದುಷಿಯು 1974ರಲ್ಲಿ ಪ್ರಕಟಿಸಿದ ಸಂಶೋಧನೆಯ ಮೇರೆಗೆ, ಪ್ರಶ್ನೆ ಕೇಳಿದ ಉಪಾಧ್ಯಾಯರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಮೂರು ಸೆಕೆಂಡು ಅಥವಾ ಹೆಚ್ಚು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುವವರ ಸಂಖ್ಯೆಯು ಕಡಿಮೆಯಾಯಿತು. ತಾನು ಎಷ್ಟು ಹೊತ್ತು ಕಾದೆನೆಂಬದನ್ನು ಯಾವ ಶಿಕ್ಷಣಾರ್ಥಿಯು ಬರೆದಿಡುತ್ತಾನೆ?

ಆದುದರಿಂದ ಮಾರ್ಗದರ್ಶಕರಾದ ಹಿರಿಯ ಉಪಾಧ್ಯಾಯರಲ್ಲಿ ವಿಜ್ಞಾಪನೆಯು ಇಷ್ಟೇ. ಪಾಠಯೋಜನೆಗೆ ಅಂಕಗಳಿರಲಿ, ಬೋಧನೆಗೂ ಇರಲಿ. ದಿನಚರಿಗೆ ಮಾತ್ರ ಬೇಡ. ಅದನ್ನು ಓದುವಾಗ ಪಕ್ಕದಲ್ಲಿ ಮಗುವಿನ ಬರಹದ ಪುಸ್ತಕವೊಂದನ್ನು ತೆರೆದಿಟ್ಟುಕೊಂಡು, ಈ ಹುಡುಗನು ಹೀಗೇಕೆ ಬರೆದನೆಂದು ಶಿಕ್ಷಣಾರ್ಥಿಯನ್ನು ಕೇಳತಕ್ಕದ್ದು. ವಾರಕ್ಕೊಂದು ಮಗುವಿನ ಒಂದು ತಪ್ಪನ್ನಾದರೂ ಹೀಗೆ ಬುಡದ ತನಕ ಶೋಧಿಸಿದರೆ, 16 ವಾರಗಳು ಕಳೆದು ತರುಣನು ಕಾಲೇಜಿಗೆ ಹಿಂದಿರುಗುವಾಗ ಅವನ ಬಳಿ ಅಂತಹ ಹದಿನಾರು ಪುಟಗಳಿರುವವು.