ಮಿತವ್ಯಯದ ರೈಲುಯಾತ್ರೆ: ಹುಮನಾಬಾದು ಮತ್ತು ಬಸವಕಲ್ಯಾಣ

ದೇಶಾಟನೆಯಿಂದ ತಿಳಿವಳಿಕೆ ಬೆಳೆಯುತ್ತದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಮಾತನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಅದರಂತೆ ನಡೆಯುವವರು ಮಾತ್ರ ಕಡಮೆ. ಕಾರಣ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ: ಕೈಯಲ್ಲಿ ಹಣವಿಲ್ಲ, ಇದ್ದರೂ ಬಿಡುವಿಲ್ಲ. ಇವುಗಳಲ್ಲಿ ಮೊದಲನೆಯ ಕೊರತೆಗೆ ಇಂದು ಒಂದಿಷ್ಟು ಉಪಾಯ ಹೇಳಬಹುದೆಂದು ನಮ್ಮ ಎಣಿಕೆ. ಎರಡನೆಯದನ್ನು ಶ್ರೋತೃಗಳೇ ಹೇಗಾದರೂ ತುಂಬಿಕೊಳ್ಳಬೇಕು. ಏಕೆಂದರೆ ಕಡಮೆ ಖರ್ಚಿನ ಪ್ರಯಾಣದ ಗುಟ್ಟೆಲ್ಲ ಇಷ್ಟರಲ್ಲೇ ಅಡಗಿದೆ: ಹಣವನ್ನು ಉಳಿಸಬೇಕೆನ್ನುವವನು ಹೊತ್ತನ್ನು ಧಾರಾಳವಾಗಿ ಕೊಡಬೇಕು.

ಈ ಗುಟ್ಟನ್ನು ಚೆನ್ನಾಗಿ ಬಲ್ಲವರು ಜರ್ಮನಿಯ ಜನ. ಆ ದೇಶದಲ್ಲಿ 2023ರ ಮೇ ತಿಂಗಳಿನಿಂದ ಒಂದು ಬಗೆಯ ಟಿಕೀಟು ಬಳಕೆಗೆ ಬಂದಿತು. ಆರಂಭದಲ್ಲಿ ಅದರ ಬೆಲೆ ತಿಂಗಳಿಗೆ 49 ಯೂರೋ, ಅನಂತರ ಏರಿತು. ಅದನ್ನು ಕೊಂಡವರು ದೇಶದ ಯಾವ ಮೂಲೆಗಾದರೂ ಹೋಗಬಹುದು. ಆದರೆ ದೂರಸಂಚಾರದ ವೇಗದ ಗಾಡಿಗಳಲ್ಲಿ ಅದು ನಡೆಯದು, ಊರೂರಿಗೆ ನಿಲ್ಲುವ ಪ್ರಾಂತೀಯ ಗಾಡಿಗಳಲ್ಲಿ ಮಾತ್ರ ಸಲ್ಲುತ್ತದೆ. ಹೀಗಾಗಿ ಮಿತವ್ಯಯದ ಪ್ರಯಾಣಿಕನಿಗೆ ಬರ್ಲಿನ್ನು, ಮ್ಯೂನಿಕ್ಕುಗಳ ಗದ್ದಲಕ್ಕಿಂತ ಸದ್ದಿಲ್ಲದ ಸಣ್ಣ ಊರುಗಳೇ ಹತ್ತಿರವಾಗುತ್ತವೆ. ಅಂಥ ಊರುಗಳಲ್ಲಿ ಎರಡು ನಮ್ಮ ನುಡಿಗೂ ನಾಡಿಗೂ ಬೇಕಾದವು. ಒಂದು ಟ್ಯೂಬಿಂಗೆನ್, 1894ರಲ್ಲಿ ಕನ್ನಡಕ್ಕೆ ಮಹಾಕೋಶವನ್ನು ಕೊಟ್ಟ ಕಿಟ್ಟೆಲರು 1903ರಲ್ಲಿ ಕಣ್ಣು ಮುಚ್ಚಿದುದು ಅಲ್ಲಿ. ಇನ್ನೊಂದು ಗಾಟಿಂಗೆನ್ ಎಂಬ ವಿದ್ಯಾಪೀಠದ ಊರು. ಜಾರ್ಜ್ ಬ್ಯೂಲರ್ ಎಂಬ ಪಂಡಿತರು ಅಲ್ಲಿ ಓದಿ ಭಾರತಕ್ಕೆ ಬಂದರು. 1874ರಲ್ಲಿ ಅವರು ಯಾಕೋಬಿ ಎಂಬ ಕಿರಿಯ ವಿದ್ವಾಂಸರೊಡನೆ ರಾಜಸ್ಥಾನದ ಜೈಸಲ್ಮೇರಿನ ಜೈನ ಭಂಡಾರವನ್ನು ಶೋಧಿಸುವಾಗ ಒಂದು ಸಂಸ್ಕೃತ ಕಾವ್ಯದ ಓಲೆಯ ಪ್ರತಿ ದೊರೆಯಿತು. ಅದೇ ಬಿಲ್ಹಣನ ವಿಕ್ರಮಾಂಕದೇವಚರಿತ. ಕವಿ ಕಾಶ್ಮೀರದವನು, ಕಥಾನಾಯಕ ಕಲ್ಯಾಣದ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ. ಮರುವರ್ಷವೇ ಬ್ಯೂಲರರು ಅದನ್ನು ಅಚ್ಚು ಹಾಕಿಸಿದರು.

ಜರ್ಮನಿಯಲ್ಲಿ ಹುಟ್ಟಿದವರೊಬ್ಬರು ಕಲ್ಯಾಣದ ಕಥೆಯನ್ನು ಮರುಭೂಮಿಯ ನೆಲಮಾಳಿಗೆಯಲ್ಲಿ ಹುಡುಕಿ ತೆಗೆದರು. ವಚನಗಳನ್ನು ಬಾಯಿಪಾಠವಾಗಿ ಬಲ್ಲ ನಮ್ಮಲ್ಲಿ ಎಷ್ಟು ಮಂದಿ ಆ ಕಲ್ಯಾಣವನ್ನು ಕಣ್ಣಾರೆ ಕಂಡಿದ್ದೇವೆ? ಜರ್ಮನಿಯ ಯಾತ್ರೆ ಎಲ್ಲರ ಕೈಗೂ ಎಟುಕುವುದಲ್ಲ. ಒಂದು ರಾತ್ರಿಯ ರೈಲು ಪ್ರಯಾಣವಾದರೋ ಬಹುಮಂದಿಗೆ ಎಟುಕುತ್ತದೆ. ಆದುದರಿಂದ ಇಂದು ಹುಮನಾಬಾದು ಮತ್ತು ಬಸವಕಲ್ಯಾಣಗಳಿಗೆ ಮಿತವಾದ ಖರ್ಚಿನಲ್ಲಿ ಹೋಗಿಬರುವ ಬಗೆಯನ್ನು ಹೇಳಲು ಹೊರಟಿದ್ದೇವೆ.

ಮೊದಲು ದಾರಿಯ ವಿಚಾರ. ಮುಂಬಯಿ ಮದ್ರಾಸುಗಳನ್ನು ಕೂಡಿಸುವ ರೈಲುದಾರಿ 1871ರಲ್ಲಿ ರಾಯಚೂರಿನ ಬಳಿ ಒಂದಾಯಿತು; ಅಂದಿನಿಂದ ಕಲಬುರಗಿ ಹೆದ್ದಾರಿಯ ಊರೇ. ಬೀದರಿಗೆ ನಿಜಾಮರ ಕಾಲದಲ್ಲಿ ವಿಕಾರಾಬಾದಿನ ಕಡೆಯಿಂದ ರೈಲು ಬಂದಿತು. ಆದರೆ ನೆರೆಹೊರೆಯ ಈ ಎರಡು ಊರುಗಳ ನಡುವೆ ನೇರವಾದ ಹಳಿ ಇರಲಿಲ್ಲ. ಒಂದರಿಂದ ಇನ್ನೊಂದಕ್ಕೆ ರೈಲಿನಲ್ಲಿ ಹೋಗಬೇಕಾದರೆ ವಿಕಾರಾಬಾದನ್ನು ಬಳಸಬೇಕಾಗಿತ್ತು. 2017ರ ಅಕ್ಟೋಬರಿನಲ್ಲಿ ಸುಮಾರು 110 ಕಿಲೋಮೀಟರುಗಳ ಬೀದರ್ ಕಲಬುರಗಿ ಮಾರ್ಗ ಪೂರ್ತಿಯಾಗಿ ತೆರೆಯಿತು. ಹುಮನಾಬಾದು ಈ ಮಾರ್ಗದ ನಡುವಣ ನಿಲ್ದಾಣ. ಬಸವಕಲ್ಯಾಣಕ್ಕೆ ರೈಲಿಲ್ಲ, ಹುಮನಾಬಾದಿನಲ್ಲಿ ಇಳಿದು ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರು ಬಸ್ಸಿನಲ್ಲಿ ಸಾಗಬೇಕು.

ಬೆಂಗಳೂರಿನಲ್ಲಿ ರಾತ್ರಿ ಗಾಡಿ ಹತ್ತಿದವರು ಗುಂತಕಲ್ಲು, ರಾಯಚೂರು, ವಾಡಿಗಳನ್ನು ದಾಟಿ ಮರುದಿನ ಕಲಬುರಗಿಯನ್ನು ಸೇರುತ್ತಾರೆ. ಅಲ್ಲಿಂದ ಬೀದರಿನ ಕಡೆಗೆ ಹೋಗುವ ಸಾಧಾರಣ ಗಾಡಿಯನ್ನು ಹಿಡಿಯತಕ್ಕದ್ದು. ಈ ದಾರಿಯಲ್ಲಿ ಗಾಡಿಗಳು ಹೆಚ್ಚಿಲ್ಲ; ವೇಳಾಪಟ್ಟಿಯನ್ನು ಮನೆಯಲ್ಲಿಯೇ ನೋಡಿಕೊಂಡು ಹೊರಡುವುದು ಕ್ಷೇಮ. ಕಿಟಕಿಯ ಪಕ್ಕದ ಜಾಗ ಸಿಕ್ಕಿದರೆ ಬಿಡಬಾರದು. ತೊಗರಿ ಬೆಳೆಯುವ ಕರಿಯ ನೆಲ ನಿಧಾನವಾಗಿ ಹಿಂದೆ ಸರಿದು, ಕೆಂಪು ಬಾಳೆಗೆ ಹೆಸರಾದ ಕಮಲಾಪುರವನ್ನು ದಾಟಿ, ಜಂಬಿಟ್ಟಿಗೆಯ ಕೆಂಪು ನೆಲ ಮೇಲೇಳುವುದನ್ನು ನೋಡಬಹುದು. ನೆಲದ ಬಣ್ಣ ಹೀಗೆ ಬದಲಾಗುವುದು ಮೋಟಾರಿನಲ್ಲಿ ಓಡುವವರ ಗಮನಕ್ಕೆ ಬರುವುದು ಅಪರೂಪ.

ಇನ್ನು ಖರ್ಚಿನ ಲೆಕ್ಕ. ಪ್ರಯಾಣದಲ್ಲಿ ಹಣ ಸೋರುವ ಬಾಯಿಗಳು ಮೂರು: ಅವಸರ, ಬಾಡಿಗೆ ಕಾರು, ತುಂಬಿದ ಪೆಟ್ಟಿಗೆ. ಅವಸರಕ್ಕೆ ಮದ್ದು ಮುಂಚಿತವಾದ ಏರ್ಪಾಡು. 2024ರ ನವೆಂಬರಿನಿಂದ ರೈಲಿನ ಆಸನವನ್ನು 60 ದಿನ ಮೊದಲು ಕಾದಿರಿಸಬಹುದಾಗಿದೆ. ಮಲಗುವ ತರಗತಿಯ ಟಿಕೀಟನ್ನು ಆಗಲೇ ತೆಗೆದಿಟ್ಟರೆ ಕಡೆಯ ಗಳಿಗೆಯ ದುಬಾರಿ ಟಿಕೀಟಿನ ಕಾಟ ತಪ್ಪುತ್ತದೆ. ಕಾರಿನ ಬದಲು ಸರ್ಕಾರಿ ಬಸ್ಸು ಉಂಟು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ಕರ್ನಾಟಕದ ಹೆಂಗಸರಿಗೆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಟಿಕೀಟಿನ ಹಣವೇ ಬೇಡವಾಯಿತು. ಗುರುತಿನ ಚೀಟಿಯನ್ನು ಮರೆಯದಿದ್ದರೆ ಸರಿ. ಹಳ್ಳಿಗಳಿಗೆ ಹೋಗಲು ಊರವರು ಟಂಟಂ ಎಂದು ಕರೆಯುವ ಮೂರು ಗಾಲಿಯ ಗಾಡಿಗಳಿವೆ; ತಲೆಗೆ ಇಷ್ಟೆಂದು ಕೊಟ್ಟು ಎಲ್ಲರ ಜತೆಯಲ್ಲಿ ಕೂರುವುದು. ಪೆಟ್ಟಿಗೆಯ ಮಾತು ಹೇಳುವುದಾದರೆ, ಹೆಗಲಿಗೇರುವಷ್ಟು ಮಾತ್ರ ಒಯ್ಯುವವನಿಗೆ ಕೂಲಿಯೂ ಬೇಡ, ಬಾಡಿಗೆ ಬಂಡಿಯೂ ಬೇಡ.

ಕಾಲವನ್ನೂ ನೋಡಿಕೊಳ್ಳಬೇಕು. ಬೇಸಗೆಯಲ್ಲಿ ಆ ಸೀಮೆಯ ಬಿಸಿಲು ನಮ್ಮ ಮೈಸೂರಿನವರಿಗೆ ತಡೆಯಲಾಗದು. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ಜಾತ್ರೆ ಉತ್ಸವಗಳನ್ನು ನೋಡಬೇಕೆಂಬುವರು ಆ ದಿನಗಳಿಗೇ ಹೋಗಲಿ. ಊರನ್ನು ನೋಡಬೇಕೆಂಬುವರು ಉಳಿದ ದಿನಗಳನ್ನು ಆರಿಸಿಕೊಳ್ಳುವುದು ಮೇಲು. ಆಗ ತಂಗಲು ಕೋಣೆ ಸುಲಭವಾಗಿ ಸಿಗುತ್ತದೆ. ಮಾತನಾಡಲು ಜನರಿಗೂ ಪುರುಸೊತ್ತಿರುತ್ತದೆ.

ಮೊದಲ ದಿನವನ್ನು ಹುಮನಾಬಾದಿಗೆ ಕೊಡಬೇಕೆಂಬುದು ನಮ್ಮ ಸಲಹೆ. ಪುಣೆ ಹೈದರಾಬಾದುಗಳ ಹೆದ್ದಾರಿಯ ಮೇಲಿರುವ ಈ ಊರನ್ನು ಸಾವಿರಾರು ಮಂದಿ ದಿನವೂ ದಾಟಿಹೋಗುತ್ತಾರೆ. ಇಳಿದು ನೋಡುವವರು ಕೆಲವರೇ. ಊರೊಳಗೆ ವೀರಭದ್ರೇಶ್ವರನ ಗುಡಿ ಇದೆ. ಅದರ ಜಾತ್ರೆ ಜನವರಿಯಲ್ಲಿ. ಊರಿಗೆ ಅಂಟಿಕೊಂಡಂತೆ ಮಾಣಿಕನಗರವಿದೆ. 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಸ್ಥಾನವದು. ದತ್ತ ಸಂಪ್ರದಾಯದ ಈ ಸತ್ಪುರುಷರು ಎಲ್ಲ ಮತಗಳನ್ನೂ ಒಪ್ಪುವ ಸಕಲಮತವೆಂಬ ದಾರಿಯನ್ನು ತೋರಿದರು. ಹಿಂದೂಗಳೂ ಮುಸಲ್ಮಾನರೂ ಅವರ ಭಕ್ತರಾಗಿದ್ದರು. ಅವರು ಪದಗಳನ್ನು ಕಟ್ಟಿದುದು ಒಂದೇ ಭಾಷೆಯಲ್ಲಲ್ಲ. ಕನ್ನಡ, ಮರಾಠಿ, ಉರ್ದು, ಸಂಸ್ಕೃತಗಳಲ್ಲೆಲ್ಲ ಹಾಡಿದ್ದಾರೆ. ಆ ಸೀಮೆಯ ಸಂತೆಯಲ್ಲಿ ಅರ್ಧ ಗಳಿಗೆ ನಿಂತರೆ ಇದು ಸಹಜವೆಂದು ತಿಳಿಯುತ್ತದೆ. ಕಾಯಿಪಲ್ಲೆ ಮಾರುವ ಅವ್ವನೂ ಕೊಳ್ಳುವವನೂ ಒಂದೇ ಉಸಿರಿನಲ್ಲಿ ಎರಡು ಭಾಷೆಗಳನ್ನು ದಾಟಿ ಬರುತ್ತಾರೆ.

ಎರಡನೆಯ ದಿನ ಬೆಳಿಗ್ಗೆ, ಬಿಸಿಲೇರುವ ಮೊದಲು, ಹತ್ತಿರದ ಜಲಸಂಗ್ವಿಗೆ ಹೋಗಬೇಕು. ಹಳ್ಳಿಯಲ್ಲಿ ಚಾಲುಕ್ಯರ ಕಾಲದ ಕಲ್ಮೇಶ್ವರ ದೇವಾಲಯವಿದೆ. ಕಾಲದ ಪೆಟ್ಟು ಬಹಳ ಬಿದ್ದಿದ್ದರೂ ಹೊರಗೋಡೆಯ ಮದನಿಕೆಯರು ಇನ್ನೂ ಉಳಿದಿದ್ದಾರೆ. ಅವರಲ್ಲೊಬ್ಬಳು ಬೆನ್ನು ತಿರುವಿ ನಿಂತು ಫಲಕದ ಮೇಲೆ ವಿಕ್ರಮಾದಿತ್ಯನ ಕೀರ್ತಿಯನ್ನು ಬರೆಯುತ್ತಿದ್ದಾಳೆ. ಆ ಅಕ್ಷರಗಳು ಬರಿಯ ಅಲಂಕಾರವಲ್ಲ, ನಿಜವಾದ ಶಾಸನ. ಕಾಶ್ಮೀರದ ಕವಿ ಒಂದು ಮಹಾಕಾವ್ಯದಲ್ಲಿ ಹಾಡಿದ ಅರಸನನ್ನು ಇಲ್ಲಿಯ ಶಿಲ್ಪಿ ಒಂದು ಹೆಣ್ಣಿನ ಬೆರಳ ತುದಿಯಲ್ಲಿ ಬರೆಯಿಸಿದ್ದಾನೆ. ಬೇಲೂರಿನ ಮದನಿಕೆಯರನ್ನು ನೋಡಿ ಹಿಗ್ಗುವ ನಾವು ಅವರ ಈ ಹಿರಿಯ ಸೋದರಿಯರನ್ನು ಒಮ್ಮೆಯಾದರೂ ಕಾಣಬೇಕಾದದ್ದು ನ್ಯಾಯ.

ಅದೇ ಸಂಜೆ ಬಸ್ಸು ಹಿಡಿದು ಬಸವಕಲ್ಯಾಣಕ್ಕೆ ಹೋಗಿ ಅಲ್ಲಿ ಎರಡು ರಾತ್ರಿ ತಂಗಬೇಕು. ಒಂದೇ ರಾತ್ರಿ ಸಾಲದೇ ಎಂದು ಕೇಳಬಹುದು. ಸಾಲದು, ಅದಕ್ಕೆ ಕಾರಣವಿದೆ.

ಕಲ್ಯಾಣಕ್ಕೆ ಹೋಗುವವನು ಮನಸ್ಸಿನಲ್ಲಿ ಹನ್ನೆರಡನೆಯ ಶತಮಾನದ ಒಂದು ಮಹಾನಗರವನ್ನು ಕಟ್ಟಿಕೊಂಡು ಹೋಗುತ್ತಾನೆ. ಅದು ತಪ್ಪೂ ಅಲ್ಲ. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಮಾನ್ಯಖೇಟದಿಂದ ಇಲ್ಲಿಗೆ ತಂದನು. 1076ರಲ್ಲಿ ಪಟ್ಟಕ್ಕೆ ಬಂದ ಆರನೆಯ ವಿಕ್ರಮಾದಿತ್ಯನು ಐವತ್ತು ವರ್ಷ ಆಳಿದನು. ಅವನ ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದನು. ಬಂಗಾಳದಂಥ ಕೆಲವು ಕಡೆಗಳನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಮನೆತನಗಳ ಆಸ್ತಿ ಪಾಲಾದುದು ಶತಮಾನಗಳ ಕಾಲ ಆ ಗ್ರಂಥದ ಮಾತಿನಂತೆ. ಅವನ ಮಗ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವನ್ನು ರಚಿಸಿ ಆನೆ ಹಿಡಿಯುವುದರಿಂದ ಅಡುಗೆಯವರೆಗೆ ಎಲ್ಲವನ್ನೂ ಹೇಳಿದನು. ಅನಂತರ ಕಳಚುರಿ ಬಿಜ್ಜಳನ ಕಾಲದಲ್ಲಿ ಬಸವಣ್ಣನವರೂ ಶರಣರೂ ಇಲ್ಲಿಯೇ ಕೂಡಿದರು. ಚಮ್ಮಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ನಡೆದ ಮದುವೆ, ಅದಕ್ಕೆ ಬಂದ ಘೋರ ಶಿಕ್ಷೆ, ಶರಣರು ದಿಕ್ಕುದಿಕ್ಕಿಗೆ ಚೆದರಿದುದು, ಇವೆಲ್ಲ ಪರಂಪರೆ ಹೇಳುವ ಕಥೆ; ಶ್ರೋತೃಗಳಿಗೆ ಹೊಸತಲ್ಲ.

ಹೀಗಿರಲು, ಬಸ್ಸಿನಿಂದ ಇಳಿದವನಿಗೆ ಕಾಣುವುದೇನು? ಒಂದು ಸಾಧಾರಣ ತಾಲ್ಲೂಕು ಪಟ್ಟಣ. ಚಾಲುಕ್ಯರ ಅರಮನೆಯಿಲ್ಲ, ಶರಣರು ಕುಳಿತ ಅನುಭವ ಮಂಟಪ ಇದೇ ಎಂದು ಬೆರಳು ಮಾಡಿ ತೋರಿಸಬಹುದಾದ ಆ ಕಾಲದ ಕಟ್ಟಡವೂ ಇಲ್ಲ. ಕೋಟೆ ದೊಡ್ಡದೇ, ಆದರೆ ಇಂದು ಕಾಣುವ ಬುರುಜು ಬಾಗಿಲುಗಳಲ್ಲಿ ಬಹುಪಾಲು ಬಹಮನಿಗಳಿಂದ ಈಚಿನವು. 1657ರಲ್ಲಿ ಔರಂಗಜೇಬನು ಮುತ್ತಿ ಹಿಡಿದದ್ದು ಈ ಕೋಟೆಯನ್ನೇ. ಒಂದು ಗಂಟೆಗೆಂದು ಕಾರಿನಲ್ಲಿ ಬಂದವನು 108 ಅಡಿಯ ಬಸವಮೂರ್ತಿಯ ಮುಂದೆ ಛಾಯಾಚಿತ್ರ ತೆಗೆಸಿಕೊಂಡು, "ನೋಡುವುದಕ್ಕೆ ಇಷ್ಟೇ" ಎಂದು ಹಿಂತಿರುಗುತ್ತಾನೆ. ಅವನು ಊರಿಗೆ ಬಿಟ್ಟದ್ದು ಧೂಳು; ಊರಿನಿಂದ ಒಯ್ದದ್ದು ನಿರಾಶೆ.

ಎರಡು ರಾತ್ರಿ ತಂಗಿದವನಿಗೆ ಬೇರೆಯೇ ಊರು ಕಾಣುತ್ತದೆ. ಬೆಳಿಗ್ಗೆ ಕೋಟೆಯೊಳಗೆ ಹೋಗಿ ವಸ್ತುಸಂಗ್ರಹಾಲಯದ ಮುರಿದ ಮೂರ್ತಿಗಳನ್ನು ನಿಧಾನವಾಗಿ ನೋಡಲಿ. ಹೋದ ರಾಜಧಾನಿಯ ಅಳತೆ ಆ ಚೂರುಗಳಲ್ಲಿ ಸಿಗುತ್ತದೆ. ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪಲ್ಲೆ, ಶೇಂಗಾ ಹಿಂಡಿ ಉಣ್ಣಲಿ. ಇದಕ್ಕಿಂತ ಕಡಮೆ ಬೆಲೆಯ, ಇದಕ್ಕಿಂತ ಗಟ್ಟಿಯಾದ ಊಟ ಪ್ರಯಾಣಿಕನಿಗೆ ಬೇರೆ ಬೇಕಿಲ್ಲ. ಸಂಜೆ ತ್ರಿಪುರಾಂತಕ ಕೆರೆಯ ಕಡೆಗೆ ನಡೆಯಲಿ. ಮರುದಿನ ಹತ್ತಿರದ ನಾರಾಯಣಪುರದ ಶಿವಾಲಯವನ್ನು ಕಂಡು ಬರಲಿ. ಕಲ್ಯಾಣದಲ್ಲಿ ಅಳಿದುಹೋದ ಚಾಲುಕ್ಯರ ಕೈಗಾರಿಕೆ ಆ ಹಳ್ಳಿಯಲ್ಲಿ ನಿಂತಿದೆ. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು, ಅದನ್ನೂ ನೋಡಲಿ. ಆದರೆ ಹಳೆಯ ಮಂಟಪದ ನೆನಪು ಕಲ್ಲಿಗಿಂತ ಹೆಚ್ಚಾಗಿ ಅಲ್ಲಿಯ ಜನರ ಬಾಯಲ್ಲಿ ಉಳಿದಿದೆ. ಎದುರಾದವರು "ಶರಣು ಶರಣಾರ್ಥಿ" ಎಂದು ಕೈ ಮುಗಿದಾಗ, ಎಂಟು ನೂರು ವರ್ಷಗಳ ಹಿಂದಿನ ಒಂದು ಕೂಟದ ಮಾತು ಬೀದಿಯಲ್ಲಿ ಇನ್ನೂ ನಡೆಯುತ್ತಿದೆಯೆಂದು ತಿಳಿಯಬೇಕು. ಆ ನಮಸ್ಕಾರಕ್ಕೆ ಪ್ರತಿಯಾಗಿ ಅದನ್ನೇ ಹೇಳಲು ಕಲಿತರೆ, ದಾರಿ ಕೇಳುವುದೂ ಸುಲಭ, ಮಾತು ಬೆಳೆಯುವುದೂ ಸುಲಭ.

ಆ ಕಡೆಯ ಕನ್ನಡ ನಮ್ಮ ಕಿವಿಗೆ ಹೊಸದಾಗಿ ಕೇಳಬಹುದು. ಅದನ್ನು ಕೇಳಿ ನಗುವವನು ಮನೆಯಲ್ಲಿಯೇ ಇರುವುದು ಒಳ್ಳೆಯದು. ಆ ಸೀಮೆ 1948ರವರೆಗೆ ನಿಜಾಮರ ಆಳಿಕೆಯಲ್ಲಿತ್ತು. 1956ರಲ್ಲಿ ನಾಡು ಒಂದಾದಾಗ ನಮ್ಮೊಡನೆ ಕೂಡಿತು. ಭೂಪಟದಲ್ಲಿ ಕೂಡಿದ ಗೆರೆಗಳು ಮನಸ್ಸಿನಲ್ಲಿಯೂ ಕೂಡಬೇಕಾದರೆ ಜನ ಹೋಗಿಬರಬೇಕು. ಒಬ್ಬರ ಊಟ ಇನ್ನೊಬ್ಬರು ಉಣ್ಣಬೇಕು, ಒಬ್ಬರ ಮಾತು ಇನ್ನೊಬ್ಬರು ಕೇಳಬೇಕು. ಬಸವಕಲ್ಯಾಣದ ಹೆಸರನ್ನು ಸಭೆಗಳಲ್ಲಿ ನೂರು ಸಲ ಹೇಳುವುದರಿಂದ ಆಗದ ಈ ಕೆಲಸ, ಅಲ್ಲಿಯ ಒಂದು ಖಾನಾವಳಿಯಲ್ಲಿ ಎರಡು ದಿನ ಉಂಡು ಬರುವುದರಿಂದ ಸ್ವಲ್ಪವಾದರೂ ಆಗುತ್ತದೆ.

ಇನ್ನೊಂದು ವಿಚಾರವನ್ನೂ ಹೇಳಬೇಕು. ಸಣ್ಣ ಊರಿನ ನಿಲ್ದಾಣಕ್ಕೆ ಬರುವ ಗಾಡಿಗಳು ಪ್ರಯಾಣಿಕರನ್ನು ನಂಬಿ ಬದುಕುತ್ತವೆ. ನಾವು ಹತ್ತದ ಗಾಡಿ ಬಹುಕಾಲ ಓಡಲಾರದು; ನಾವು ಇಳಿಯದ ಊರು ತನ್ನ ಹಳೆಯ ಕಲ್ಲುಗಳನ್ನು ಕಾಯುವ ಹುರುಪನ್ನೂ ಕಳೆದುಕೊಳ್ಳುತ್ತದೆ. ಹುಮನಾಬಾದಿಗೆ ಒಂದು ಟಿಕೀಟು ಕೊಳ್ಳುವುದು ಆ ಊರುಗಳಿಗೆ ನಾವು ಮಾಡಬಹುದಾದ ಸುಲಭವಾದ ಸೇವೆಯೂ ಹೌದು.

ಒಟ್ಟು ಲೆಕ್ಕ ಇಷ್ಟು: ಹೋಗುವುದಕ್ಕೆ ಒಂದು ರಾತ್ರಿ, ಬರುವುದಕ್ಕೆ ಒಂದು ರಾತ್ರಿ, ನಡುವೆ ನಾಲ್ಕು ಹಗಲು. ಹಿಂತಿರುಗುವಾಗ ಹುಮನಾಬಾದಿನಿಂದಲೇ ಕಲಬುರಗಿಗೆ ಬರಬಹುದು. ಒಂದು ದಿನ ಹೆಚ್ಚಿಗೆ ಸಿಕ್ಕಿದವರು ಬೀದರಿನ ಕೋಟೆಯನ್ನೂ ಬಿದರಿ ಕೆಲಸದವರ ಕೈಚಳಕವನ್ನೂ ನೋಡಿ ಅಲ್ಲಿಂದ ಗಾಡಿ ಹತ್ತಬಹುದು. ಹೆಗಲ ಮೇಲೆ ಒಂದು ಚೀಲ, ಕೈಯಲ್ಲಿ ನೀರಿನ ಬಾಟಲಿ, ತಲೆಗೊಂದು ಟೋಪಿ ಅಥವಾ ಸೆರಗು, ಓದಲು ಒಂದು ವಚನಸಂಪುಟ. ಮುಂದೆಂದಾದರೂ ಟ್ಯೂಬಿಂಗೆನ್ನಿಗೋ ಗಾಟಿಂಗೆನ್ನಿಗೋ ಹೋಗುವ ಯೋಗ ಬಂದವರು, ಅಲ್ಲಿಯ ಜನ ನಿಮ್ಮ ನಾಡಿನ ಕಲ್ಯಾಣ ಹೇಗಿದೆ ಎಂದು ಕೇಳಿದರೆ, ಕಂಡು ಬಂದವರ ಧೈರ್ಯದಿಂದ ಉತ್ತರ ಹೇಳುವಂತಾಗಲಿ.