ಸಸ್ಸುಯಿ ನಿದ್ದೆ ಹೋದ ಆ ಒಂದು ರಾತ್ರಿ

ಬಸ್ಸಲ್ಲಿದ್ದೀರೋ, ಹಾಸಿಗೆಯಲ್ಲಿ ಇಯರ್‌ಫೋನ್ ಹಾಕ್ಕೊಂಡು ಮಲಗಿದ್ದೀರೋ ಗೊತ್ತಿಲ್ಲ. ಮಲಗಿದ್ರೆ ಸ್ವಲ್ಪ ಹುಷಾರು. ಇವತ್ತಿನ ಕಥೆಯಲ್ಲಿ ಎಲ್ಲ ಕೆಡೋದು ನಿದ್ದೆಯಲ್ಲೇ.

ಸಿಂಧ್ ಅಂದ್ರೆ ಇವತ್ತಿನ ಪಾಕಿಸ್ತಾನದ ದಕ್ಷಿಣ ಭಾಗ, ಸಿಂಧೂ ನದಿ ಸಮುದ್ರ ಸೇರುವ ನಾಡು. ಅಲ್ಲಿ ಭಂಭೋರ್ ಅನ್ನೋ ಊರಿತ್ತು. ಈಗ ಕರಾಚಿಯ ಪೂರ್ವಕ್ಕೆ ಅದರ ಅವಶೇಷಗಳಷ್ಟೇ ಉಳಿದಿವೆ: ಕೋಟೆಗೋಡೆ, ಒಂದು ಹಳೇ ಮಸೀದಿಯ ತಳಪಾಯ. ನಮ್ಮ ಸಸ್ಸುಯಿ ಆ ಊರಿನವಳು.

ಅವಳು ಹುಟ್ಟಿದಾಗ ಜ್ಯೋತಿಷಿಗಳು, ಇವಳು ಮನೆತನಕ್ಕೆ ಕಳಂಕ ತರ್ತಾಳೆ, ಬೇರೆ ಧರ್ಮದವನನ್ನ ಮದುವೆಯಾಗ್ತಾಳೆ ಅಂದರಂತೆ. ಅಪ್ಪ ಬ್ರಾಹ್ಮಣ ಅಂತ ಕೆಲವರು, ರಾಜ ಅಂತ ಕೆಲವರು. ಯಾರಾದರೇನು, ಮಗುವನ್ನ ಪೆಟ್ಟಿಗೆಯಲ್ಲಿಟ್ಟು ನದಿಗೆ ಬಿಟ್ಟರು. ಕರ್ಣನ ನೆನಪಾಯ್ತಲ್ವಾ? ಭಂಭೋರಿನಲ್ಲಿ ಬಟ್ಟೆ ಒಗೆಯುವವನೊಬ್ಬನಿಗೆ ಪೆಟ್ಟಿಗೆ ಸಿಕ್ತು. ಮಕ್ಕಳಿಲ್ಲದ ಮನೆ. ಹುಡುಗಿ ಅಲ್ಲೇ ಬೆಳೆದಳು.

ಅವಳ ಚೆಲುವಿನ ಸುದ್ದಿ ವ್ಯಾಪಾರಿಗಳ ಬಾಯಲ್ಲಿ ಬಲೂಚಿಸ್ತಾನದ ಕೇಚ್‌ವರೆಗೂ ಹೋಯ್ತು. ಅಲ್ಲಿನ ದೊರೆ ಆರಿ ಜಾಮ್‌ನ ಮಗ ಪುನ್ಹೂ, ಒಂಟೆಗಳ ಮೇಲೆ ಕಸ್ತೂರಿ, ಅತ್ತರು ಹೇರಿಕೊಂಡು ಭಂಭೋರಿಗೆ ಬಂದ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದರು. ಆದರೆ ಸಾಕಿದ ಅಪ್ಪನದು ಒಂದೇ ಮಾತು: 'ನೋಡಪ್ಪ, ನಮ್ಮ ಕಸುಬು ಬಂದವನಿಗಷ್ಟೇ ಮಗಳು.' ರಾಜಕುಮಾರ ಬಟ್ಟೆಗಂಟು ಹೊತ್ತು ನೀರಿಗಿಳಿದ. ಒಗೆಯೋಕೆ ಬರದೆ ಎಲ್ಲ ಹರಿದು ಹಾಕಿದ. ಆಮೇಲೆ ಒಂದೊಂದು ಬಟ್ಟೆಯಲ್ಲೂ ಚಿನ್ನದ ನಾಣ್ಯ ಮಡಚಿಟ್ಟು ವಾಪಸ್ ಕೊಟ್ಟ. ಊರಲ್ಲಿ ಒಬ್ಬರೂ ದೂರಲಿಲ್ಲ! ಚಿನ್ನ ಸಿಕ್ಕರೆ ನಾವಾದ್ರೂ ಬಾಯಿ ಬಿಡ್ತೀವಾ? ಇಡೀ ಕಥೆಯಲ್ಲಿ ನಗು ಬರೋ ಜಾಗ ಇದೊಂದೇ.

ಮದುವೆ ಆಯ್ತು. ಕೇಚ್‌ನಲ್ಲಿ ಅಪ್ಪನಿಗೆ ಕೋಪ. ಅರಸನ ಮಗ ಬಟ್ಟೆ ಒಗೆಯೋರ ಮನೆ ಅಳಿಯನಾ? ಪುನ್ಹೂವಿನ ಅಣ್ಣಂದಿರು ನೆಂಟರ ಥರ ಬಂದರು. ನಕ್ಕರು, ಉಂಡರು, ತಮ್ಮನಿಗೆ ಚೆನ್ನಾಗಿ ಕುಡಿಸಿದರು. ನಡುರಾತ್ರಿ ಅವನನ್ನ ಒಂಟೆ ಮೇಲೆ ಹಾಕ್ಕೊಂಡು ಹೊರಟೇಬಿಟ್ಟರು. ಸಸ್ಸುಯಿ ಮಲಗಿದ್ದಳು. ಬೆಳಿಗ್ಗೆ ಎದ್ದರೆ ಪಕ್ಕದಲ್ಲಿ ಯಾರೂ ಇಲ್ಲ.

ನಿಜವಾದ ಕಥೆ ಇಲ್ಲಿಂದ ಶುರು. ಇದು ನಾನು ಹೇಳ್ತಿರೋದಲ್ಲ, ಸಿಂಧಿಯ ಮಹಾಕವಿ ಶಾ ಅಬ್ದುಲ್ ಲತೀಫ್ ಭಿಟಾಯಿ ಹಾಗೆ ಮಾಡಿದಾನೆ. 1689ರಿಂದ 1752ರವರೆಗೆ ಬದುಕಿದ್ದ ಸೂಫಿ ಆತ. ಅವನ ಹಾಡುಗಳ ಸಂಗ್ರಹ 'ಶಾ ಜೋ ರಿಸಾಲೋ'ದಲ್ಲಿ ಸಸ್ಸುಯಿಗೆ ಒಂದಲ್ಲ, ಐದು ಅಧ್ಯಾಯ. ಪೆಟ್ಟಿಗೆ, ನಾಣ್ಯ, ಮದುವೆ ಇದನ್ನೆಲ್ಲ ಅವನು ಕೂತು ವಿವರಿಸಲ್ಲ, ಕೇಳೋರಿಗೆ ಅದೆಲ್ಲ ಬಾಯಿಪಾಠ. ಅವನಿಗೆ ಬೇಕಿರೋದು ಎಚ್ಚರವಾದ ಮೇಲಿನ ಹೆಣ್ಣು. ಬರಿಗಾಲಲ್ಲಿ, ಪಬ್ ಬೆಟ್ಟಗಳ ಕಲ್ಲು ತುಳೀತಾ, ಒಂಟೆಗಳ ಹೆಜ್ಜೆಗುರುತು ಹುಡುಕ್ತಾ ಹೋಗೋ ಹೆಣ್ಣು. ಕೇಚ್ ಇರೋದು ನೂರಾರು ಕಿಲೋಮೀಟರ್ ದೂರದಲ್ಲಿ.

ಒಂದು ವಿಷಯ ನನ್ನನ್ನ ಕಾಡುತ್ತೆ. ಶಾ ಅವಳಿಗೆ ಬರೀ ಮರುಕ ತೋರಿಸಲ್ಲ, ಗದರಿಸ್ತಾನೆ. ಪ್ರೀತಿಸಿದವಳು ಕಾಲು ಚಾಚಿ ಹೇಗೆ ಮಲಗಿದೆ ಅಂತ. ಸೂಫಿಗಳಿಗೆ ನಿದ್ದೆ ಅಂದ್ರೆ ಮೈಮರೆವು, ಪುನ್ಹೂ ಅಂದ್ರೆ ದೇವರು. ಹುಡುಕೋದು ಹೊರಗಲ್ಲ, ನಿನ್ನೊಳಗೇ ಅನ್ನೋ ಅರ್ಥ. ಸರಿ, ಒಪ್ಪೋಣ. ಆದ್ರೂ ನನಗೆ ಸಿಟ್ಟು ಬರುತ್ತೆ. ತನ್ನ ಮನೆಯಲ್ಲಿ, ಗಂಡನ ಪಕ್ಕ ಮಲಗೋದು ಯಾವ ಅಪರಾಧ? ಉಂಡ ಮನೆಗೆ ಕನ್ನ ಹಾಕಿದವರು ಅಣ್ಣಂದಿರು. ಮಾನದ ಹೆಸರಲ್ಲಿ ಹೆತ್ತವರು, ಒಡಹುಟ್ಟಿದವರೇ ಜೋಡಿಗಳನ್ನ ಬೇರೆ ಮಾಡೋ ಸುದ್ದಿ ನಿಮ್ಮ ಫೋನಿಗೂ ಬರ್ತಾ ಇರುತ್ತಲ್ವಾ? ಅಲ್ಲೂ ಮೊದಲು ಪ್ರಶ್ನೆ ಕೇಳೋದು ಹುಡುಗಿಗೇ.

ದಾರಿಯಲ್ಲಿ ಬಾಯಾರಿ ಒಬ್ಬ ಕುರಿಗಾಹಿಯ ಹತ್ರ ಸಹಾಯ ಕೇಳ್ತಾಳೆ. ಅವನು ಅವಳ ಮೇಲೇ ಕೈ ಹಾಕೋಕೆ ಬರ್ತಾನೆ. ಅವಳು ದೇವರನ್ನ ಕರೀತಾಳೆ, ನೆಲ ಬಾಯಿ ಬಿಡುತ್ತೆ, ನಮ್ಮ ಸೀತೆಗೆ ಬಿಟ್ಟ ಹಾಗೆ. ದುಪಟ್ಟಾದ ಅಂಚು ಮಾತ್ರ ಹೊರಗೆ ಉಳಿಯುತ್ತೆ. ಅಣ್ಣಂದಿರಿಂದ ತಪ್ಪಿಸಿಕೊಂಡು ಓಡಿಬಂದ ಪುನ್ಹೂಗೆ ಸಿಗೋದು ಆ ಅಂಚು. ಕುರಿಗಾಹಿ ನಡೆದದ್ದು ಹೇಳ್ತಾನೆ. ಪುನ್ಹೂ ಕೂಡ ಬೇಡಿಕೊಳ್ತಾನೆ, ನೆಲ ಅವನನ್ನೂ ಒಳಗೆ ಕರ್ಕೊಳ್ಳುತ್ತೆ. ಬಲೂಚಿಸ್ತಾನದ ಲಸ್ಬೇಲಾ ಕಡೆ ಇಬ್ಬರ ಸಮಾಧಿ ಅಂತ ಇವತ್ತಿಗೂ ತೋರಿಸ್ತಾರೆ.

1947ರಲ್ಲಿ ಸಿಂಧ್ ಬಿಟ್ಟು ಬಂದ ಹಿಂದೂ ಸಿಂಧಿಗಳು ಹೊಲ ಮನೆ ಅಲ್ಲೇ ಬಿಟ್ಟರು, ಈ ಕಥೆ ಬಿಡಲಿಲ್ಲ. ಆ ಕಡೆ, ಭಿಟ್ ಶಾ ಊರಿನ ದರ್ಗಾದಲ್ಲಿ ಫಕೀರರು ದಂಬೂರೋ ಮೀಟ್ತಾ ರಾತ್ರಿ ಶಾನ ಪದಗಳನ್ನ ಹಾಡ್ತಾರೆ. ಹಾಡೋರು ಗಂಡಸರು. ಆದರೆ ದನಿಯನ್ನ ತಾರಕಕ್ಕೆ ಏರಿಸಿ, ಹೆಣ್ಣಿನ ದನಿಯಲ್ಲಿ ಹಾಡ್ತಾರೆ. ಯಾಕಂದ್ರೆ ಅಲ್ಲಿ ಮಾತಾಡ್ತಿರೋದು ಸಸ್ಸುಯಿ. ಯೂಟ್ಯೂಬಲ್ಲಿ ಸಿಗುತ್ತೆ, ಭಾಷೆ ಬರದಿದ್ರೂ ಐದು ನಿಮಿಷ ಕೇಳಿ.

ಮುಂದಿನ ವಾರ ಮೋಮಲ್ ಮತ್ತು ರಾಣೋ ಕಥೆ. ಅಲ್ಲೂ ಒಂದು ನಿದ್ದೆ ಇದೆ, ಜೊತೆಗೆ ಗಂಡಸಿನ ಬಟ್ಟೆ ತೊಟ್ಟು ಮಲಗಿದ ಒಬ್ಬ ಹುಡುಗಿ. ಬರ್ತೀನಿ.